ಕಾರ್ ಆಂಪ್‌ನ ಕೆಂಪು ದೀಪ ಆರುತ್ತಿಲ್ಲವೇ? ಪ್ರೊಟೆಕ್ಟ್ ಮೋಡ್‌ನ ಕಾರಣ ಹುಡುಕುವ ಬಗೆ

ಕಾರಿನ ಆಂಪ್ಲಿಫೈಯರ್‌ನಲ್ಲಿ ಕೆಂಪು ದೀಪ ಹೊತ್ತಿಕೊಂಡು ಸದ್ದು ನಿಂತರೆ ಸಾಮಾನ್ಯವಾಗಿ ಕೇಳಿಬರುವ ಮೊದಲ ಮಾತು ‘ಆಂಪ್ ಹೋಯ್ತು’. ಇದು ಅವಸರದ ತೀರ್ಪು. ನಿಜಕ್ಕೂ ಸತ್ತ ಆಂಪ್‌ನಲ್ಲಿ ಯಾವ ದೀಪವೂ ಹೊತ್ತುವುದಿಲ್ಲ, ಇಲ್ಲವೇ ಹೊಸ ಫ್ಯೂಸ್ ಹಾಕಿದ ಕ್ಷಣವೇ ಸುಟ್ಟುಹೋಗುತ್ತದೆ. ಕೆಂಪು ದೀಪ ಹೊತ್ತಿದೆಯೆಂದರೆ ಒಳಗಿನ ಕಾವಲು ಸರ್ಕ್ಯೂಟ್‌ಗೆ ಜೀವವಿದೆ, ಅದು ಏನೋ ಅಪಾಯ ಕಂಡು ಬೇಕೆಂದೇ ಬಾಗಿಲು ಮುಚ್ಚಿಕೊಂಡಿದೆ ಎಂದರ್ಥ. ಇದೇ ಪ್ರೊಟೆಕ್ಟ್ ಮೋಡ್. ಆ ಅಪಾಯ ಬಹಳಷ್ಟು ಸಲ ಆಂಪ್‌ನ ಹೊರಗೇ ಇರುತ್ತದೆ: ಜಜ್ಜಿದ ವೈರ್, ಸುಟ್ಟ ವೂಫರ್ (ಬಾಸ್ ಸ್ಪೀಕರ್) ಕಾಯಿಲ್, ತುಕ್ಕು ಹಿಡಿದ ಅರ್ಥ್ (ಕಾರಿನ ಬಾಡಿಗೆ ಬಿಗಿದ ಮೈನಸ್ ವೈರ್).

ತೊಂದರೆಯೆಂದರೆ ನಾಲ್ಕೈದು ಬೇರೆ ಬೇರೆ ಕಾರಣಗಳಿಗೂ ಅದೇ ಒಂದು ದೀಪ. ಯಾವ ಕಾರಣಕ್ಕೆ ಹೊತ್ತಿತು ಎಂದು ಅದು ಹೇಳುವುದಿಲ್ಲ. ಆದರೆ ಯಾವಾಗ ಹೊತ್ತಿತು ಎಂಬುದನ್ನು ಗಮನಿಸಿದರೆ ಅರ್ಧ ಉತ್ತರ ಸಿಕ್ಕಂತೆ. ಕೀ ತಿರುಗಿಸಿದ ತಕ್ಷಣವೋ, ವಾಲ್ಯೂಮ್ ಏರಿಸಿದಾಗಲೋ, ಅರ್ಧ ಗಂಟೆ ಓಡಿದ ಮೇಲೋ, ಹಂಪ್ ಹಾರಿಸಿದಾಗಲೋ? ಸ್ಕ್ರೂಡ್ರೈವರ್ ಎತ್ತಿಕೊಳ್ಳುವ ಮೊದಲು ಇದನ್ನು ಖಚಿತ ಮಾಡಿಕೊಳ್ಳಿ.

ಒಳಗಿನ ಕಾವಲು

ಬ್ಯಾಟರಿಯಿಂದ ಬರುವುದು ಸುಮಾರು 12.6 ವೋಲ್ಟ್, ಇಂಜಿನ್ ಓಡುವಾಗ 13.8ರಿಂದ 14.4. ಇಷ್ಟರಿಂದ ನೇರವಾಗಿ 4 ಓಮ್ ಸ್ಪೀಕರ್ ಓಡಿಸಿದರೆ ಸಿಗುವುದು ಸುಮಾರು 20 ವ್ಯಾಟ್. ಡ್ಯಾಶ್‌ಬೋರ್ಡ್‌ನ ಸ್ಟೀರಿಯೊ ಕೊಡುವುದೂ ಅಷ್ಟನ್ನೇ. ಅದಕ್ಕಿಂತ ಹೆಚ್ಚು ಬೇಕಾದರೆ ಮೊದಲು ವೋಲ್ಟೇಜ್ ಏರಿಸಬೇಕು. ಹಾಗಾಗಿ ಆಂಪ್ ಒಳಗೆ ಎರಡು ಭಾಗಗಳಿವೆ. ಪವರ್ ಸಪ್ಲೈ ಭಾಗದಲ್ಲಿ ಟಿಎಲ್494 ಅಥವಾ ಅದರಂಥ ಐಸಿ ಒಂದು ಸಾಲು ಮಾಸ್‌ಫೆಟ್‌ಗಳನ್ನು (ಸ್ವಿಚ್‌ನಂತೆ ದುಡಿಯುವ ಟ್ರಾನ್ಸಿಸ್ಟರ್‌ಗಳು) ಸೆಕೆಂಡಿಗೆ ಹತ್ತಾರು ಸಾವಿರ ಸಲ ಆನ್-ಆಫ್ ಮಾಡುತ್ತದೆ. ಬಳೆಯಾಕಾರದ ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಏರಿಸುತ್ತದೆ. ಡಯೋಡ್ ಮತ್ತು ಕೆಪ್ಯಾಸಿಟರ್‌ಗಳು ಅದನ್ನು ಡಿಸಿ ಮಾಡಿ, ಒಂದು ಪ್ಲಸ್ ಒಂದು ಮೈನಸ್ ಎಂದು ಎರಡು ‘ರೈಲ್’ ಒದಗಿಸುತ್ತವೆ. ಮಧ್ಯಮ ಗಾತ್ರದ ಆಂಪ್‌ನಲ್ಲಿ ಇವು ತಲಾ 25ರಿಂದ 40 ವೋಲ್ಟ್ ಇರುತ್ತವೆ. ಔಟ್‌ಪುಟ್ ಭಾಗದ ಟ್ರಾನ್ಸಿಸ್ಟರ್‌ಗಳು ಈ ಎರಡು ರೈಲ್‌ಗಳ ನಡುವೆ ನಿಂತು ಹಾಡಿನ ಅಲೆಗೆ ತಕ್ಕಂತೆ ಸ್ಪೀಕರನ್ನು ಅತ್ತಿತ್ತ ಎಳೆಯುತ್ತವೆ.

ಕಾವಲು ಸರ್ಕ್ಯೂಟ್ ಮುಖ್ಯವಾಗಿ ನಾಲ್ಕು ಕಡೆ ಕಣ್ಣಿಡುತ್ತದೆ. ಔಟ್‌ಪುಟ್‌ನಲ್ಲಿ ಹರಿಯುವ ಕರೆಂಟ್ ಮಿತಿ ಮೀರಿತೇ? ಸ್ಪೀಕರ್ ಟರ್ಮಿನಲ್‌ನಲ್ಲಿ ಡಿಸಿ ವೋಲ್ಟೇಜ್ ಕಾಣಿಸಿತೇ? ಹೀಟ್‌ಸಿಂಕ್ (ಶಾಖ ಹೊರಹಾಕುವ ಲೋಹದ ಮೈ) ಮಿತಿಗಿಂತ ಹೆಚ್ಚು ಕಾಯಿತೇ? ಒಳಬರುವ ವೋಲ್ಟೇಜ್ ಸುಮಾರು 10ಕ್ಕಿಂತ ಕೆಳಗಿಳಿಯಿತೇ, 16ರ ಆಸುಪಾಸು ದಾಟಿತೇ? ಇವುಗಳಲ್ಲಿ ಯಾವುದಾದರೂ ಒಂದಕ್ಕೆ ಹೌದು ಎಂಬ ಉತ್ತರ ಬಂದರೂ ಸಂಕೇತ ಒಂದೇ ಕಡೆ ಸೇರುತ್ತದೆ. ಟಿಎಲ್494 ಇರುವ ಆಂಪ್‌ಗಳಲ್ಲಿ ಅದರ 4ನೇ ಪಿನ್ನಿನ ವೋಲ್ಟೇಜನ್ನು 3 ವೋಲ್ಟ್‌ಗೂ ಮೇಲೇರಿಸಿದರೆ ಸಾಕು, ಮಾಸ್‌ಫೆಟ್‌ಗಳಿಗೆ ಹೋಗುವ ಪಲ್ಸ್ ನಿಂತು ರೈಲ್‌ಗಳು ಕುಸಿಯುತ್ತವೆ. ಬಹುಪಾಲು ಆಂಪ್‌ಗಳಲ್ಲಿ ಈ ಬೀಗ ಒಮ್ಮೆ ಬಿದ್ದರೆ ರಿಮೋಟ್ ವೈರ್‌ನ (ಆಂಪ್ ಆನ್ ಮಾಡಲು ಸ್ಟೀರಿಯೊದಿಂದ ಬರುವ ವೈರ್) ಕರೆಂಟ್ ನಿಲ್ಲಿಸುವವರೆಗೂ ತೆರೆಯದು. ಕಾರಣ ಮಾಯವಾದ ಮೇಲೂ ದೀಪ ಉರಿಯುತ್ತಲೇ ಇರುವುದು ಇದರಿಂದ. ಪ್ರತಿ ಪರೀಕ್ಷೆಗೂ ಮೊದಲು ಸ್ಟೀರಿಯೊ ಆಫ್ ಮಾಡಿ ಅರ್ಧ ನಿಮಿಷ ಬಿಟ್ಟು ಆನ್ ಮಾಡಿ. ಇಲ್ಲದಿದ್ದರೆ ನೀವು ನೋಡುತ್ತಿರುವುದು ಹಳೆಯ ದೂರನ್ನೇ.

ಇನ್ನೊಂದು ಮಾತು: ಆನ್ ಮಾಡಿದ ಮೊದಲ ಎರಡು ಮೂರು ಸೆಕೆಂಡು ಕೆಂಪು ದೀಪ ಕಂಡು ಆಮೇಲೆ ಹಸಿರು ಅಥವಾ ನೀಲಿಗೆ ತಿರುಗುವುದು ಅನೇಕ ಮಾದರಿಗಳಲ್ಲಿ ಸಹಜ. ಸ್ಟಾರ್ಟರ್ ತಿರುಗುವಾಗ ವೋಲ್ಟೇಜ್ ಕುಸಿದು ಕ್ಷಣಕಾಲ ಕೆಂಪಾಗುವುದೂ ಹಾಗೆಯೇ.

ಮೊದಲ ಪರೀಕ್ಷೆ: ಎಲ್ಲ ಬಿಚ್ಚಿ

ಸ್ಟೀರಿಯೊ ಆಫ್ ಮಾಡಿ. ಎಲ್ಲ ಸ್ಪೀಕರ್ ವೈರ್‌ಗಳನ್ನೂ ಆಂಪ್‌ನಿಂದ ಬಿಚ್ಚಿ, ತುದಿಗಳು ಒಂದಕ್ಕೊಂದು ತಾಗದಂತೆ ಟೇಪ್ ಸುತ್ತಿ. ಸ್ಟೀರಿಯೊದಿಂದ ಹಾಡಿನ ಸಂಕೇತ ತರುವ ಆರ್‌ಸಿಎ ವೈರ್‌ಗಳನ್ನೂ ಎಳೆದುಬಿಡಿ. ಉಳಿಯಬೇಕಾದದ್ದು ಮೂರೇ: ಬ್ಯಾಟರಿ ಪ್ಲಸ್, ಅರ್ಥ್, ರಿಮೋಟ್. ಈಗ ಆನ್ ಮಾಡಿ ಐದು ಸೆಕೆಂಡು ಕಾಯಿರಿ.

ದೀಪ ಹಸಿರಾದರೆ ಆಂಪ್ ಬಹುತೇಕ ಚೆನ್ನಾಗಿದೆ. ಮೊದಲು ಆರ್‌ಸಿಎ ಸೇರಿಸಿ ನೋಡಿ, ನಂತರ ಒಂದೊಂದೇ ಸ್ಪೀಕರ್. ಪ್ರತಿ ಸಲವೂ ಆಫ್ ಮಾಡಿಯೇ ಸೇರಿಸಿ. ಆನ್ ಇರುವಾಗ ವೈರ್ ತುರುಕುವಾಗ ಎರಡು ಎಳೆ ತಾಗಿದರೂ ಸಾಕು, ಸರಿಯಿದ್ದ ಔಟ್‌ಪುಟ್ ಟ್ರಾನ್ಸಿಸ್ಟರ್ ಹೋಗಿಬಿಡುತ್ತದೆ. ಯಾವುದನ್ನು ಸೇರಿಸಿದಾಗ ಮತ್ತೆ ಕೆಂಪಾಯಿತೋ ಆ ಸಾಲಿನಲ್ಲಿ ದೋಷವಿದೆ.

ಎಲ್ಲ ಬಿಚ್ಚಿದರೂ ಕೆಂಪೇ ಇದ್ದರೆ ಇನ್ನೊಂದು ಹೆಜ್ಜೆ ಇದೆ, ಇದನ್ನು ಬಹಳ ಜನ ಮರೆಯುತ್ತಾರೆ. ಆಂಪ್‌ನ ಸ್ಕ್ರೂ ಬಿಚ್ಚಿ, ಕಾರಿನ ಬಾಡಿಗೆ ತಾಗದಂತೆ ಒಂದು ಒಣ ಹಲಗೆಯ ಮೇಲಿಟ್ಟು ಅದೇ ಮೂರು ವೈರ್‌ಗಳಲ್ಲಿ ಮತ್ತೆ ನೋಡಿ. ಒಳಗಿನ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳನ್ನು ಹೀಟ್‌ಸಿಂಕ್‌ನಿಂದ ಬೇರ್ಪಡಿಸಲು ತೆಳುವಾದ ಮೈಕಾ ಅಥವಾ ರಬ್ಬರಿನ ಹಾಳೆ ಇಟ್ಟಿರುತ್ತಾರೆ. ಅದು ಹರಿದಿದ್ದರೆ ಟ್ರಾನ್ಸಿಸ್ಟರಿನ ಬೆನ್ನು ಹೀಟ್‌ಸಿಂಕ್‌ಗೆ, ಹೀಟ್‌ಸಿಂಕ್ ಸ್ಕ್ರೂ ಮೂಲಕ ಬಾಡಿಗೆ ತಾಗಿ ಶಾರ್ಟ್ ಆಗುತ್ತದೆ. ಹಲಗೆಯ ಮೇಲೆ ದೀಪ ಹಸಿರಾದರೆ ಕಾರಣ ಸಿಕ್ಕಿತು. ಆದರೆ ಹಲಗೆಯ ಮೇಲೇ ಬಿಟ್ಟು ಓಡಿಸುವುದು ಪರಿಹಾರವಲ್ಲ, ಹಾಳೆ ಬದಲಿಸಲೇಬೇಕು.

ಸ್ಪೀಕರ್ ಸಾಲಿನ ದೋಷ

ಬಿಚ್ಚಿದ ಸ್ಪೀಕರ್ ವೈರ್‌ಗಳ ಮೇಲೆ ಮಲ್ಟಿಮೀಟರ್‌ನಿಂದ ಎರಡು ಅಳತೆ ಮಾಡಿ. ಮೊದಲನೆಯದು ಪ್ರತಿ ವೈರ್‌ಗೂ ಕಾರಿನ ಬಾಡಿಗೂ ನಡುವೆ. ಇಲ್ಲಿ ಯಾವ ಸಂಪರ್ಕವೂ ಇರಕೂಡದು, ಬೀಪ್ ಬಂದರೆ ವೈರ್ ಎಲ್ಲೋ ಬಾಡಿಗೆ ತಾಗಿದೆ. ಬಾಗಿಲಿನ ಕೀಲಿನ ಬಳಿಯ ರಬ್ಬರ್ ಕೊಳವೆ, ಡೋರ್ ಪ್ಯಾಡ್‌ನ ಸ್ಕ್ರೂ, ಸೀಟು ಜಾರುವ ರೈಲು, ಸ್ಪೀಕರ್ ಚೌಕಟ್ಟಿನ ಅಂಚು, ಈ ನಾಲ್ಕು ಕಡೆ ಮೊದಲು ಹುಡುಕಿ. ನಮ್ಮ ಕಡೆ ಇಲಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮಳೆಗಾಲದಲ್ಲಿ ನಾಲ್ಕು ದಿನ ನಿಂತ ಕಾರಿನಲ್ಲಿ ಕಾರ್ಪೆಟ್ ಕೆಳಗಿನ ವೈರ್‌ನ ಹೊದಿಕೆ ಕಡಿದು ತಾಮ್ರ ಬರಿದಾಗಿರುವುದು ಅಪರೂಪವಲ್ಲ. ಹಂಪ್ ಹಾರಿಸಿದಾಗ ಅಥವಾ ಬಾಗಿಲು ಹಾಕಿದಾಗ ಮಾತ್ರ ದೀಪ ಕೆಂಪಾಗುತ್ತಿದ್ದರೆ ನೇರವಾಗಿ ಇಲ್ಲಿಂದಲೇ ಶುರು ಮಾಡಿ.

ಎರಡನೆಯದು ಸ್ಪೀಕರಿನ ಎರಡು ವೈರ್‌ಗಳ ನಡುವಿನ ಓಮ್. ಮೊದಲು ಮೀಟರಿನ ಎರಡು ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿ ಬರುವ 0.2 ಅಥವಾ 0.4 ಓಮನ್ನು ಬರೆದಿಟ್ಟು, ಅಳತೆಯಿಂದ ಕಳೆಯಿರಿ. 4 ಓಮ್ ಸ್ಪೀಕರ್ ಮೀಟರಿನಲ್ಲಿ 3ರಿಂದ 3.7ರವರೆಗೆ ತೋರಿಸಿದರೆ ಸರಿ, ಯಾಕೆಂದರೆ ಮೀಟರ್ ಅಳೆಯುವುದು ತಂತಿಯ ಡಿಸಿ ರೋಧವನ್ನು ಮಾತ್ರ. 1 ಓಮ್ ಅಥವಾ ಅದಕ್ಕೂ ಕಡಿಮೆ ಬಂದರೆ ಕಾಯಿಲ್‌ನ ಸುತ್ತುಗಳು ಸುಟ್ಟು ಒಂದಕ್ಕೊಂದು ಅಂಟಿವೆ. ಏನೂ ತೋರದಿದ್ದರೆ ಕಾಯಿಲ್ ಕಡಿದಿದೆ. ಆ ಸ್ಪೀಕರ್ ಹಾಡುವುದಿಲ್ಲ, ಆದರೆ ಪ್ರೊಟೆಕ್ಟ್‌ಗೆ ಅದು ಕಾರಣವಲ್ಲ. ಸಬ್‌ವೂಫರ್ ಅಳೆಯುವಾಗ ಮೀಟರ್ ಹಾಗೇ ಇಟ್ಟುಕೊಂಡು ಕೋನನ್ನು ಎರಡೂ ಕೈಗಳಿಂದ ಸಮನಾಗಿ, ಮೆಲ್ಲಗೆ ಒಳಗೆ ಒತ್ತಿ. ಕರಕರ ಉಜ್ಜುವ ಸದ್ದು ಬಂದರೆ ಅಥವಾ ಒತ್ತಿದ ಒಂದು ಜಾಗದಲ್ಲಿ ಓಮ್ ಥಟ್ಟನೆ ಇಳಿದರೆ, ಕಾಯಿಲ್ ಚಲಿಸುವಾಗ ಮಾತ್ರ ಶಾರ್ಟ್ ಆಗುತ್ತಿದೆ. ನಿಶ್ಚಲವಾಗಿ ಅಳೆದಾಗ ಎಲ್ಲ ಸರಿ ಕಂಡು, ಬಾಸ್ ಹೊಡೆದಾಗ ಮಾತ್ರ ಬೀಗ ಬೀಳುವ ಗುಟ್ಟು ಬಹಳ ಸಲ ಇದೇ.

ಇನ್ನು ಓಮ್‌ಗಳ ಲೆಕ್ಕ. ಎರಡು ಕಾಯಿಲ್ ಇರುವ 4+4 ಓಮ್ ವೂಫರನ್ನು ಪ್ಯಾರಲಲ್ ಆಗಿ ಜೋಡಿಸಿದರೆ 2 ಓಮ್, ಸೀರೀಸ್ ಆಗಿ ಜೋಡಿಸಿದರೆ 8. ಅಂಥ ಎರಡು ವೂಫರ್‌ಗಳ ನಾಲ್ಕೂ ಕಾಯಿಲ್ ಪ್ಯಾರಲಲ್ ಆದರೆ 1 ಓಮ್. ಆಂಪ್ ಮೇಲೆ ‘ಬ್ರಿಜ್ 4 ಓಮ್’ ಎಂದಿದ್ದರೆ ಅದನ್ನು ಅಕ್ಷರಶಃ ಪಾಲಿಸಬೇಕು. ಬ್ರಿಜ್ ಮಾಡಿದಾಗ, ಅಂದರೆ ಎರಡು ಚಾನಲ್ ಸೇರಿಸಿ ಒಂದೇ ಸ್ಪೀಕರ್ ಓಡಿಸುವಾಗ, ಪ್ರತಿ ಚಾನಲ್‌ಗೂ ಕಾಣುವುದು ಅರ್ಧ ಓಮ್‌ನ ಲೆಕ್ಕ: 4 ಓಮ್ ವೂಫರ್ ಹಾಕಿದರೆ ಚಾನಲ್‌ಗೆ 2 ಓಮ್, 2 ಓಮ್ ವೂಫರ್ ಹಾಕಿದರೆ ಚಾನಲ್‌ಗೆ 1 ಓಮ್. ವಾಲ್ಯೂಮ್ ಕಡಿಮೆಯಿದ್ದಾಗ ಇದೂ ನಡೆದುಹೋಗುತ್ತದೆ, ಏರಿಸಿದ ತಕ್ಷಣ ಕರೆಂಟ್ ಮಿತಿ ದಾಟಿ ಕೆಂಪಾಗುತ್ತದೆ. ಅಂಗಡಿಯಲ್ಲಿ ‘ಹೆಚ್ಚು ಸೌಂಡ್ ಬರುತ್ತೆ’ ಎಂದು ಹೀಗೆ ಜೋಡಿಸಿ ಕೊಟ್ಟಿದ್ದರೆ, ದೋಷ ಆಂಪ್‌ನದಲ್ಲ.

ಕರೆಂಟ್ ದಾರಿ: ಅರ್ಥ್ ಮತ್ತು ವೈರ್

ವಾಲ್ಯೂಮ್ ಏರಿಸಿದಾಗ ಬೀಗ ಬೀಳುವುದಕ್ಕೆ ಇನ್ನೊಂದು ದೊಡ್ಡ ಕಾರಣ ವೋಲ್ಟೇಜ್ ಕುಸಿತ. 500 ವ್ಯಾಟ್ ಆರ್‌ಎಂಎಸ್‌ನ (ಸತತವಾಗಿ ಕೊಡುವ ಶಕ್ತಿ) ಕ್ಲಾಸ್ ಡಿ ಆಂಪ್ ಪೂರ್ತಿ ದುಡಿಯುವಾಗ, ದಕ್ಷತೆ ಶೇ 80 ಎಂದುಕೊಂಡರೆ, ಬ್ಯಾಟರಿಯಿಂದ ಸುಮಾರು 625 ವ್ಯಾಟ್, ಅಂದರೆ 13.8 ವೋಲ್ಟ್‌ನಲ್ಲಿ 45 ಆಂಪಿಯರ್ ಎಳೆಯುತ್ತದೆ. ಬಾನೆಟ್‌ನಿಂದ ಡಿಕ್ಕಿಗೆ 5 ಮೀಟರ್ ವೈರ್ ಬೇಕು. ಅದು 4 ಗೇಜಿನ, ಅಂದರೆ 21 ಚದರ ಮಿ.ಮೀ.ನ ನಿಜವಾದ ತಾಮ್ರವಾಗಿದ್ದರೆ ದಾರಿಯಲ್ಲಿ ಕಳೆದುಹೋಗುವುದು ಸುಮಾರು 0.2 ವೋಲ್ಟ್. 8 ಗೇಜ್ ತಾಮ್ರವಾದರೆ ಅರ್ಧ ವೋಲ್ಟ್ ಹತ್ತಿರ. ಅದೇ 8 ಗೇಜ್ ತಾಮ್ರ ಲೇಪಿಸಿದ ಅಲ್ಯುಮಿನಿಯಂ ಆದರೆ ಮುಕ್ಕಾಲು ವೋಲ್ಟ್. ಅಗ್ಗದ ವೈರಿಂಗ್ ಕಿಟ್‌ಗಳಲ್ಲಿ ಬರುವುದು ಹೆಚ್ಚಾಗಿ ಈ ಕೊನೆಯದು, ಅದೂ ದಪ್ಪ ಪ್ಲಾಸ್ಟಿಕ್ ಹೊದಿಕೆಯೊಳಗೆ ಹೆಸರಿಗಿಂತ ಸಣ್ಣ ಎಳೆ. ಬೆಂಗಳೂರಿನ ಜೆ.ಸಿ. ರಸ್ತೆಯಾಗಲಿ ನಿಮ್ಮೂರಿನ ಅಂಗಡಿಯಾಗಲಿ, ವೈರ್ ಕೊಳ್ಳುವಾಗ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಹೆಚ್ಚಾಗಿ ಅಲ್ಯುಮಿನಿಯಂ.

ಇಷ್ಟು ಮಾತ್ರಕ್ಕೆ 10 ವೋಲ್ಟ್‌ಗೆ ಇಳಿಯುವುದಿಲ್ಲ, ನಿಜ. ಆದರೆ ಇಂಜಿನ್ ಆಫ್ ಮಾಡಿ ಹಾಡು ಕೇಳುತ್ತಿದ್ದರೆ, ಸಣ್ಣ ಹ್ಯಾಚ್‌ಬ್ಯಾಕಿನ ಹಳೆಯ 35 ಆಂಪಿಯರ್-ಅವರ್ ಬ್ಯಾಟರಿ 45 ಆಂಪಿಯರ್ ಲೋಡಿಗೆ 11 ವೋಲ್ಟ್‌ಗೆ ಕುಸಿದಿರುತ್ತದೆ. ಅದರಲ್ಲಿ ವೈರ್‌ನ ಮುಕ್ಕಾಲು, ಕೆಟ್ಟ ಅರ್ಥ್‌ನ ಅರ್ಧ ಕಳೆದರೆ ಆಂಪ್‌ಗೆ ಉಳಿಯುವುದು ಹತ್ತಕ್ಕೂ ಕಡಿಮೆ.

ಅರ್ಥ್ ಅಳೆಯುವುದರಲ್ಲಿ ಒಂದು ಸಾಮಾನ್ಯ ತಪ್ಪಿದೆ. ಮೀಟರನ್ನು ಬೀಪ್‌ಗೆ ಇಟ್ಟು, ಅರ್ಥ್ ಟರ್ಮಿನಲ್‌ಗೂ ಬಾಡಿಗೂ ಮುಟ್ಟಿಸಿ, ಬೀಪ್ ಬಂತು ಎಂದು ಮುಂದೆ ಹೋಗುತ್ತಾರೆ. ಮೀಟರ್ ಕಳಿಸುವುದು ಒಂದೆರಡು ಮಿಲಿ ಆಂಪಿಯರ್. ವೈರ್‌ನ ಒಂದೇ ಎಳೆ ಉಳಿದಿದ್ದರೂ ಅದಕ್ಕೆ ಸಾಕು. 45 ಆಂಪಿಯರ್ ಹರಿಯುವಾಗ ಕಥೆಯೇ ಬೇರೆ. ಸರಿಯಾದ ವಿಧಾನ ಇದು: ಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟು, ಒಂದು ಕಡ್ಡಿಯನ್ನು ಆಂಪ್‌ನ ಅರ್ಥ್ ಟರ್ಮಿನಲ್‌ಗೆ, ಇನ್ನೊಂದನ್ನು ಉದ್ದನೆಯ ವೈರ್ ಜೋಡಿಸಿ ಬ್ಯಾಟರಿಯ ಮೈನಸ್ ಕಂಬಕ್ಕೇ ಮುಟ್ಟಿಸಿ, ಹಾಡು ಜೋರಾಗಿ ಹಾಕಿ. 0.1 ವೋಲ್ಟ್ ಆಸುಪಾಸಿನಲ್ಲಿದ್ದರೆ ಅರ್ಥ್ ಒಳ್ಳೆಯದು. 0.3 ದಾಟಿದರೆ ಕೆಲಸವಿದೆ. ಇದೇ ರೀತಿ ಬ್ಯಾಟರಿ ಪ್ಲಸ್‌ನಿಂದ ಆಂಪ್‌ನ ಪ್ಲಸ್‌ವರೆಗೂ ಅಳೆದು, ನಡುವಿನ ಫ್ಯೂಸ್ ಹೋಲ್ಡರ್‌ನ ಎರಡು ಬದಿಗೂ ಪ್ರತ್ಯೇಕವಾಗಿ ನೋಡಿ. ಫ್ಯೂಸ್ ಹೋಲ್ಡರ್ ಮುಟ್ಟಲಾಗದಷ್ಟು ಬಿಸಿಯಾಗಿದ್ದರೆ ಅಳತೆಯೇ ಬೇಡ, ಬದಲಿಸಿ.

ಅರ್ಥ್ ಹಾಕುವ ಜಾಗದಲ್ಲಿ ಬಣ್ಣವನ್ನು ಹೊಳೆಯುವ ಲೋಹ ಕಾಣುವವರೆಗೂ ಕೆರೆಯಬೇಕು. ವೈರ್ ಅರ್ಧ ಮೀಟರಿಗಿಂತ ಉದ್ದವಿರಬಾರದು, ಪ್ಲಸ್ ವೈರ್‌ನಷ್ಟೇ ದಪ್ಪವಿರಬೇಕು. ರಿಂಗ್ ಟರ್ಮಿನಲ್ ಹಾಕಿ, ಹಲ್ಲಿನ ವಾಷರ್ ಇಟ್ಟು ಬೋಲ್ಟ್ ಬಿಗಿದ ಮೇಲೆ ಮೇಲಿನಿಂದ ಗ್ರೀಸ್ ಅಥವಾ ಬಣ್ಣ ಬಳಿಯಿರಿ; ಕರಾವಳಿಯ ಉಪ್ಪುಗಾಳಿಯಲ್ಲಿ ಬರಿಯ ಲೋಹ ಒಂದು ಮಳೆಗಾಲವನ್ನೂ ತಡೆಯದು. ಸೀಟ್ ಬೆಲ್ಟಿನ ಬೋಲ್ಟಿಗೆ ಮಾತ್ರ ಅರ್ಥ್ ಹಾಕಬೇಡಿ, ಅದು ಪ್ರಾಣ ಕಾಯುವ ಬೋಲ್ಟ್.

ಅರ್ಥ್ ಪೂರ್ತಿ ಕಳಚಿದರೆ ಇನ್ನೊಂದು ಹಾನಿಯಿದೆ. ಕರೆಂಟ್ ವಾಪಸಾಗಲು ಬೇರೆ ದಾರಿಯಿಲ್ಲದೆ ಆರ್‌ಸಿಎ ವೈರ್‌ನ ಹೊರಕವಚದ ಮೂಲಕ ಸ್ಟೀರಿಯೊಗೆ ನುಗ್ಗಿ, ಅಲ್ಲಿನ ಕೂದಲೆಳೆಯಂಥ ಅರ್ಥ್ ಸಂಪರ್ಕವನ್ನು ಸುಡುತ್ತದೆ. ಆರ್‌ಸಿಎ ಕಿತ್ತಾಗ ಮಾತ್ರ ಆಂಪ್‌ನ ವರ್ತನೆ ಬದಲಾದರೆ, ಆರ್‌ಸಿಎ ಬದಲಿಸುವ ಮುನ್ನ ಅರ್ಥ್ ನೋಡಿ.

ಬಿಸಿ ಮತ್ತು ನೀರು

ಅರ್ಧ ಗಂಟೆ ಚೆನ್ನಾಗಿ ಹಾಡಿ, ಆಮೇಲೆ ಕೆಂಪಾಗಿ, ಇಪ್ಪತ್ತು ನಿಮಿಷ ಬಿಟ್ಟರೆ ತಾನೇ ಸರಿಯಾದರೆ ಅದು ಶಾಖದ ಬೀಗ. ಸೀಟಿನ ಕೆಳಗೆ ಕಾರ್ಪೆಟ್ ಮುಚ್ಚಿದ ಆಂಪ್, ವೂಫರ್ ಡಬ್ಬಿಗೇ ಬಿಗಿದ ಆಂಪ್, ತಲೆಕೆಳಗಾಗಿ ನೇತುಹಾಕಿದ ಆಂಪ್, ಮೂರೂ ಇದನ್ನು ಕೇಳಿ ಪಡೆದಂತೆ. ಸುತ್ತ ಕನಿಷ್ಠ ಐದು ಸೆಂಟಿಮೀಟರ್ ಗಾಳಿ ಇರಲಿ. ಏಪ್ರಿಲ್ ಬಿಸಿಲಲ್ಲಿ ಕಲಬುರಗಿ, ರಾಯಚೂರಿನ ಕಡೆ ನಿಲ್ಲಿಸಿದ್ದ ಕಾರಿನಲ್ಲಿ ಆಂಪ್ ಶುರುವಾಗುವುದೇ ಬೆಂದ ಸ್ಥಿತಿಯಲ್ಲಿ. ಮೊದಲು ಎಸಿ ಓಡಿಸಿ, ಆಮೇಲೆ ವಾಲ್ಯೂಮ್. ಇವೆಲ್ಲ ಸರಿಯಿದ್ದೂ ಬಿಸಿಯಾಗುತ್ತಿದ್ದರೆ ಗೇನ್ (ಒಳಬರುವ ಸಂಕೇತವನ್ನು ಎಷ್ಟು ಹಿಗ್ಗಿಸಬೇಕೆಂಬ ಹೊಂದಾಣಿಕೆ) ತೀರಾ ಏರಿದೆ ಅಥವಾ ಲೋಡಿನ ಓಮ್ ಕಡಿಮೆಯಿದೆ ಎಂದು ತಿಳಿಯಿರಿ.

ಮಳೆ ಬಂದ ದಿನ ಮಾತ್ರ ಕಾಡುವ ದೋಷವಾದರೆ ಸೀಟಿನ ಕೆಳಗಿನ ಕಾರ್ಪೆಟ್ ಒತ್ತಿ ನೋಡಿ. ಎಸಿಯ ನೀರು ಹೊರಹೋಗುವ ಕೊಳವೆ ಕಟ್ಟಿಕೊಂಡರೆ ನೀರು ಮುಂದಿನ ಸೀಟಿನ ಕಾಲಬುಡದಲ್ಲೇ ಸೇರುತ್ತದೆ. ನೆನೆದ ಆಂಪನ್ನು ಆನ್ ಮಾಡದೆ ಬಿಚ್ಚಿ, ಬೋರ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಬ್ರಶ್‌ನಿಂದ ತೊಳೆದು, ಎರಡು ದಿನ ಒಣಗಿಸಿ.

ದೋಷ ಒಳಗೇ ಇದ್ದರೆ

ಮೂರೇ ವೈರ್, ಹಲಗೆಯ ಮೇಲೆ, ಒಳ್ಳೆಯ ವೋಲ್ಟೇಜ್, ಆದರೂ ಎರಡು ಸೆಕೆಂಡಿನಲ್ಲಿ ಕೆಂಪು. ಈಗ ಮುಚ್ಚಳ ತೆಗೆಯಬೇಕು. ಬೆಸುಗೆ ಹಾಕುವ ಅಭ್ಯಾಸವಿಲ್ಲದವರು ಇಲ್ಲಿಗೆ ನಿಲ್ಲಿಸಿ ಮೆಕ್ಯಾನಿಕ್ ಬಳಿ ಒಯ್ಯುವುದೇ ಒಳ್ಳೆಯದು; ಇಷ್ಟು ಪರೀಕ್ಷೆ ಮಾಡಿ ಹೋದರೆ ಅವರ ಅರ್ಧ ಕೆಲಸ ಮುಗಿದಿರುತ್ತದೆ.

ಪರೀಕ್ಷೆಯ ಸಪ್ಲೈಗೆ ಒಂದು ಸರಳ ರಕ್ಷಣೆ ಬೇಕು. ಬ್ಯಾಟರಿ ಪ್ಲಸ್ ಮತ್ತು ಆಂಪ್‌ನ ನಡುವೆ 12 ವೋಲ್ಟಿನ 21 ವ್ಯಾಟ್ ಬ್ರೇಕ್ ಬಲ್ಬನ್ನು ಸೀರೀಸ್ ಆಗಿ ಹಾಕಿ. ಒಳಗೆ ಪೂರ್ತಿ ಶಾರ್ಟ್ ಇದ್ದರೂ ಹರಿಯುವುದು ಎರಡು ಆಂಪಿಯರ್‌ಗೂ ಕಡಿಮೆ, ಹೊಸದಾಗಿ ಹಾಕಿದ ಬಿಡಿಭಾಗ ಉಳಿಯುತ್ತದೆ. ಬಲ್ಬ್ ಝಗ್ಗೆಂದು ಉರಿಯುತ್ತಲೇ ಇದ್ದರೆ ಶಾರ್ಟ್; ಮಿಂಚಿ ಮಂಕಾದರೆ ಸರಿ. ದೊಡ್ಡ ಆಂಪ್‌ಗಳು ಈ ಬಲ್ಬಿನೊಂದಿಗೆ ವೋಲ್ಟೇಜ್ ಸಾಲದೆ ಕೆಂಪಾಗಬಹುದು, ಆಗ 55 ವ್ಯಾಟ್‌ನ ಹೆಡ್‌ಲೈಟ್ ಬಲ್ಬ್ ಬಳಸಿ.

ಪವರ್ ಸಪ್ಲೈ ಮಾಸ್‌ಫೆಟ್ ಹೋದರೆ ಸಾಮಾನ್ಯವಾಗಿ ಫ್ಯೂಸ್ ಹಾರುತ್ತದೆ, ಪ್ರೊಟೆಕ್ಟ್ ಬರುವುದಿಲ್ಲ. ಪ್ರೊಟೆಕ್ಟ್ ಬಂದಿದೆಯೆಂದರೆ ಸಪ್ಲೈ ಓಡಲು ಯತ್ನಿಸಿದೆ, ಆಚೆ ಬದಿಯಲ್ಲಿ ಅಡ್ಡಿ ಕಂಡಿದೆ. ಆದ್ದರಿಂದ ಮೊದಲು ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳನ್ನು ನೋಡಿ. ಕರೆಂಟ್ ತೆಗೆದು, ದೊಡ್ಡ ಕೆಪ್ಯಾಸಿಟರ್‌ಗಳನ್ನು 100 ಓಮ್‌ನ ಐದು ವ್ಯಾಟ್ ರೆಸಿಸ್ಟರ್‌ನಿಂದ ಖಾಲಿ ಮಾಡಿ. ಮೀಟರನ್ನು ಡಯೋಡ್ ಸ್ಥಾನಕ್ಕಿಟ್ಟು ಪ್ಲಸ್ ರೈಲ್‌ನಿಂದ ಔಟ್‌ಪುಟ್‌ಗೆ, ಮೈನಸ್ ರೈಲ್‌ನಿಂದ ಔಟ್‌ಪುಟ್‌ಗೆ ಅಳೆಯಿರಿ. ಸೊನ್ನೆ ಅಥವಾ ಬೀಪ್ ಬಂದ ಬದಿಯಲ್ಲಿ ಟ್ರಾನ್ಸಿಸ್ಟರ್ ಶಾರ್ಟ್ ಆಗಿದೆ. ಒಂದೇ ಬದಿಯಲ್ಲಿ ಎರಡು ಮೂರು ಟ್ರಾನ್ಸಿಸ್ಟರ್ ಪ್ಯಾರಲಲ್ ಇದ್ದರೆ ಬೋರ್ಡಿನಲ್ಲೇ ಅಳೆದಾಗ ಎಲ್ಲವೂ ಕೆಟ್ಟಂತೆ ತೋರುತ್ತವೆ. ಒಂದೊಂದರ ಬೆಸುಗೆ ಬಿಡಿಸಿ ಕಾಲು ಎತ್ತಿಯೇ ಅಳೆಯಬೇಕು. ಒಂದು ಹೋದರೂ ಆ ಗುಂಪನ್ನೆಲ್ಲ ಒಂದೇ ಬ್ಯಾಚಿನವುಗಳಿಂದ ಬದಲಿಸಿ. ಜೊತೆಗಿರುವ 0.1 ಅಥವಾ 0.22 ಓಮ್‌ನ ಬಿಳಿ ರೆಸಿಸ್ಟರ್‌ಗಳನ್ನೂ ಗೇಟ್ ರೆಸಿಸ್ಟರ್‌ಗಳನ್ನೂ ನೋಡದೆ ಬಿಟ್ಟರೆ ಹೊಸ ಟ್ರಾನ್ಸಿಸ್ಟರ್ ಒಂದು ನಿಮಿಷವೂ ಬಾಳದು.

ಟ್ರಾನ್ಸಿಸ್ಟರ್‌ಗಳೆಲ್ಲ ಸರಿಯಿದ್ದರೆ ಡಿಸಿ ಆಫ್‌ಸೆಟ್, ಅಂದರೆ ಔಟ್‌ಪುಟ್‌ನಲ್ಲಿ ಇರಬಾರದ ಡಿಸಿ ವೋಲ್ಟೇಜ್, ಹುಡುಕಿ. ಸ್ಪೀಕರ್ ಟರ್ಮಿನಲ್‌ಗೆ ಮೀಟರ್ ಹಿಡಿದು ಆನ್ ಮಾಡಿದ ಮೊದಲ ಎರಡು ಸೆಕೆಂಡು ನೋಡಿ, ಬೀಗ ಬಿದ್ದ ಮೇಲೆ ಅಳೆಯಲು ಏನೂ ಇರುವುದಿಲ್ಲ. ಆರೋಗ್ಯವಂತ ಚಾನಲ್ 50 ಮಿಲಿವೋಲ್ಟ್ ಒಳಗಿರುತ್ತದೆ; ಒಂದು ಚಾನಲ್ ಮಾತ್ರ ಹಲವು ವೋಲ್ಟ್‌ಗೆ ಜಿಗಿದರೆ ದೋಷ ಅಲ್ಲಿದೆ. ಎಲ್ಲ ಚಾನಲ್‌ಗಳೂ ಒಟ್ಟಿಗೆ ಜಿಗಿದರೆ, ಆಪ್-ಆಂಪ್ ಐಸಿಗಳಿಗೆ (ಹಾಡಿನ ಸಣ್ಣ ಸಂಕೇತವನ್ನು ಸಂಭಾಳಿಸುವ ಐಸಿಗಳು) ಪ್ಲಸ್ 15 ಮೈನಸ್ 15 ವೋಲ್ಟ್ ಕೊಡುವ ರೆಗ್ಯುಲೇಟರ್‌ನಲ್ಲಿ ಒಂದು ಬದಿ ಸತ್ತಿರುವ ಸಾಧ್ಯತೆ ಹೆಚ್ಚು. ಈ ರೆಗ್ಯುಲೇಟರ್‌ಗಳ ರೆಸಿಸ್ಟರ್ ಸದಾ ಬಿಸಿಯಾಗಿದ್ದು ಸುತ್ತ ಬೋರ್ಡ್ ಕಂದು ಬಣ್ಣಕ್ಕೆ ತಿರುಗಿರುತ್ತದೆ, ಬೆಸುಗೆ ಬಿರುಕು ಬಿಟ್ಟಿರುತ್ತದೆ. ಬಿರುಕಿನ ಬೆಸುಗೆಯನ್ನು ಭೂತಗನ್ನಡಿಯಲ್ಲಿ ನೋಡಿ ಮತ್ತೆ ಹಾಕುವುದರಿಂದಲೇ ಎಷ್ಟೋ ಆಂಪ್‌ಗಳು ಸರಿಹೋಗುತ್ತವೆ.

ಬಿಡಿಭಾಗ ಕೊಳ್ಳುವಾಗ ನಕಲಿಯ ಬಗ್ಗೆ ಎಚ್ಚರ. ಪವರ್ ಸಪ್ಲೈನಲ್ಲಿ ಸಾಮಾನ್ಯವಾಗಿ ಕಾಣುವ ಐಆರ್‌ಎಫ್3205 ಮಾಸ್‌ಫೆಟ್ 55 ವೋಲ್ಟಿನದು, ಆನ್ ಆದಾಗ ಅದರ ರೋಧ 8 ಮಿಲಿಓಮ್. ಪ್ರತಿ ಮಾಸ್‌ಫೆಟ್ ಬ್ಯಾಟರಿಯ ಎರಡರಷ್ಟು, ಅಂದರೆ 29 ವೋಲ್ಟ್ ಹತ್ತಿರ ಮತ್ತು ಅದರ ಮೇಲೆ ಬರುವ ಏಟುಗಳನ್ನು ತಾಳಬೇಕಾದ್ದರಿಂದ 55 ವೋಲ್ಟ್ ಬೇಕೇ ಬೇಕು. ನಕಲಿಗಳಲ್ಲಿ ಒಳಗಿನ ಸಿಲಿಕಾನ್ ಚೂರು ಸಣ್ಣದಿರುತ್ತದೆ. ಕೆಪ್ಯಾಸಿಟನ್ಸ್ ಅಳೆಯುವ ಮೀಟರ್ ಇದ್ದರೆ ಆಂಪ್‌ನಿಂದ ಬಿಚ್ಚಿದ ಒಳ್ಳೆಯ ಮಾಸ್‌ಫೆಟ್‌ನ ಗೇಟ್ ಮತ್ತು ಸೋರ್ಸ್ ಎಂಬ ಕಾಲುಗಳ ನಡುವೆ ಅಳೆದು, ಹೊಸದನ್ನೂ ಅದೇ ರೀತಿ ಅಳೆಯಿರಿ. ಹೊಸದು ಅರ್ಧದಷ್ಟೂ ತೋರದಿದ್ದರೆ ಹಾಕಬೇಡಿ.

ಪ್ರೊಟೆಕ್ಟ್ ಸರ್ಕ್ಯೂಟನ್ನೇ ಕತ್ತರಿಸಿಬಿಡಿ ಎಂಬ ಸಲಹೆ ಅಲ್ಲಲ್ಲಿ ಸಿಗುತ್ತದೆ. ದಯವಿಟ್ಟು ಮಾಡಬೇಡಿ. ಔಟ್‌ಪುಟ್‌ನಲ್ಲಿ 30 ವೋಲ್ಟ್ ಡಿಸಿ ನಿಂತರೆ 4 ಓಮ್ ವೂಫರ್ ಕಾಯಿಲ್‌ಗೆ ಇನ್ನೂರಕ್ಕೂ ಹೆಚ್ಚು ವ್ಯಾಟ್ ಬರೀ ಶಾಖವಾಗಿ ಹೋಗುತ್ತದೆ. ಕಾಯಿಲ್‌ಗೆ ಬೆಂಕಿ ಹತ್ತಿಕೊಳ್ಳಬಹುದು, ಅದೂ ಮನೆಯವರು ಕೂತ ಕಾರಿನಲ್ಲಿ.

ರಿಪೇರಿ ಮುಗಿದ ಮೇಲೆ ಬಲ್ಬ್ ಸೀರೀಸ್‌ನಲ್ಲೇ ಇಟ್ಟು ಆನ್ ಮಾಡಿ, ಪ್ರತಿ ಚಾನಲ್‌ನ ಡಿಸಿ ಅಳೆಯಿರಿ. ಎಲ್ಲವೂ 50 ಮಿಲಿವೋಲ್ಟ್ ಒಳಗಿದ್ದರೆ ಬಲ್ಬ್ ತೆಗೆದು 5 ಆಂಪಿಯರ್ ಫ್ಯೂಸ್ ಹಾಕಿ ಹತ್ತು ನಿಮಿಷ ಸುಮ್ಮನೆ ಬಿಡಿ, ಹೀಟ್‌ಸಿಂಕ್ ಮುಟ್ಟಿ ನೋಡಿ. ಉಗುರುಬೆಚ್ಚಗಿದ್ದರೆ ಹಳೆಯ, ಹೋದರೂ ಬೇಸರವಿಲ್ಲದ ಒಂದು ಸ್ಪೀಕರ್ ಜೋಡಿಸಿ ಕಡಿಮೆ ವಾಲ್ಯೂಮ್‌ನಲ್ಲಿ ಅರ್ಧ ಗಂಟೆ ಹಾಡಿಸಿ. ಅದಾದ ಮೇಲೆ ಸರಿಯಾದ ಫ್ಯೂಸ್ ಹಾಕಿ ಕಾರಿಗೆ ಬಿಗಿಯಿರಿ. ಸಬ್‌ವೂಫರ್ ಸೇರಿಸುವುದು ಎಲ್ಲಕ್ಕಿಂತ ಕೊನೆಗೆ.